ಬಾಡಿಗೆ ಆಟಗಾರ ಅಂದವರಿಗೆ ಒಂದಿಷ್ಟು ಮಾತು

ಮೊನ್ನೆ ಭಾನುವಾರ ಸಂಜೆ ನಮ್ಮ ಸಂತೇಬೆನ್ನೂರಿನ ಚಹಾದಂಗಡಿಯೊಂದರಲ್ಲಿ ಜಗಳ ಆಯಿತು. ಕೈ ಕೈ ಮಿಲಾಯಿಸುವ ಜಗಳ ಅಲ್ಲ ಬಿಡಿ, ಬರೀ ಬಾಯಿ ಜಗಳ. ವಿಷಯ ಕೇಳಿದರೆ ನೀವು ನಗ್ತೀರಿ. ಅಡಿಕೆ ರೇಟಲ್ಲ, ಭದ್ರಾ ನಾಲೆಯ ನೀರಲ್ಲ, ಎಲೆಕ್ಷನ್ನೂ ಅಲ್ಲ. ಸ್ಪೇನ್ ದೇಶದ ಒಬ್ಬ ಫುಟ್‌ಬಾಲ್ ಆಟಗಾರ! ಅದೂ ಗೋಲು ಹೊಡೆಯುವವನಲ್ಲ, ಗೋಲು ತಡೆಯುವವನು, ಡಿಫೆಂಡರ್.

ಟೀವಿಯಲ್ಲಿ ಹಳೇ ಮ್ಯಾಚಿನ ತುಣುಕು ಬರುತ್ತಿತ್ತು. ನೀಲಿ ಅಂಗಿಯ ಬೆಂಗಳೂರು ಎಫ್‌ಸಿ. ನಾನು ಸುಮ್ಮನಿರದೆ "ಅಗೋ ಹುವಾನನ್" ಅಂದೆ. ಪಕ್ಕದಲ್ಲಿ ಕೂತಿದ್ದ ನನ್ನ ಗೆಳೆಯ (ಒಂದನೇ ಕ್ಲಾಸಿನಿಂದ ಒಟ್ಟಿಗೆ ಓದಿದವನು, ಈಗ ಅಡಿಕೆ ಖೇಣಿ ಮಾಡ್ತಾನೆ) ಲೋಟ ಕೆಳಗಿಟ್ಟು ಶುರು ಮಾಡಿಯೇಬಿಟ್ಟ. "ಅವನೇನಲೇ, ಬಾಡಿಗೆ ಆಟಗಾರ. ದುಡ್ಡು ಎಲ್ಲಿ ಜಾಸ್ತಿ ಅಲ್ಲಿಗೆ ಹಾರೋನು. ಸ್ಪೇನು, ಜರ್ಮನಿ, ಹಂಗೇರಿ ಎಲ್ಲಾ ಸುತ್ತಿ ಎಲ್ಲೂ ನೆಲೆ ಸಿಗದೆ ಇಲ್ಲಿಗೆ ಬಂದ. ಐದು ವರ್ಷ ನಮ್ಮ ಅನ್ನ ತಿಂದು ಹೈದರಾಬಾದಿಗೆ ಹೋಗಿ ಅಲ್ಲಿ ಕಪ್ ಎತ್ತಿದ. ಇಂಥೋರಿಗೆ ನಿಯತ್ತು ಇರುತ್ತಾ?"

ಅಲ್ಲಿದ್ದ ನಾಲ್ಕೈದು ಜನ ಹೌದೌದು ಅಂದರು. ಅವರಲ್ಲಿ ಇಬ್ಬರಿಗೆ ಹುವಾನನ್ ಯಾರು ಅಂತಲೂ ಗೊತ್ತಿರಲಿಲ್ಲ ಅಂತ ನನ್ನ ಅನುಮಾನ. ಆದರೂ ಹೌದೌದು. ನಿಯತ್ತು ಅನ್ನೋ ಪದ ಕೇಳಿದ ಕೂಡಲೇ ನಮ್ಮ ಜನ ತಲೆ ಆಡಿಸಿಬಿಡ್ತಾರೆ.

ಅಲ್ಲಿ ನನಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಸಿಟ್ಟು ಬಂದಾಗ ನನಗೆ ಮಾತು ಬರೋದಿಲ್ಲ, ಕಾಲೇಜಿನಲ್ಲಿ ಪಾಠ ಮಾಡುವವನಿಗೆ ಇರಬಾರದ ದೋಷ ಅದು. ರಾತ್ರಿ ಮಲಗಿದ ಮೇಲೆ ಒಂದೊಂದೇ ಉತ್ತರ ಹೊಳೆಯಿತು. ಅದಕ್ಕೇ ಇಲ್ಲಿ ಬರೀತಿದ್ದೀನಿ. ಅವನು ಇದನ್ನ ಓದ್ತಾನೆ ಅಂತ ನನಗೆ ಗೊತ್ತು.

ಮೊದಲು ಹುವಾನನ್ ಯಾರು ಅಂತ ಹೇಳಿಬಿಡ್ತೀನಿ. ಪೂರ್ತಿ ಹೆಸರು ಹುವಾನ್ ಆಂಟೋನಿಯೋ ಗೊನ್ಸಾಲೆಸ್ ಫೆರ್ನಾಂಡೆಸ್. 1987ರಲ್ಲಿ ಹುಟ್ಟಿದವನು. ಹುವಾನ್ ಮತ್ತು ಆಂಟೋನಿಯೋ ಎರಡನ್ನೂ ಸೇರಿಸಿ ಹುವಾನನ್. ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ಜುವಾನನ್ ಅನ್ನಬೇಕು ಅನ್ನಿಸುತ್ತದೆ, ಆದರೆ ಆ ಅಕ್ಷರ ಸ್ಪೇನಿನವರ ಬಾಯಲ್ಲಿ ಹಕಾರ. ನಮ್ಮಲ್ಲಿ ಹಳೆಗನ್ನಡದ ಪಾಲು ಹಾಲಾಗಲಿಲ್ಲವೇ, ಪುಲಿ ಹುಲಿಯಾಗಲಿಲ್ಲವೇ, ಹಾಗೇ ಅವರ ಭಾಷೆಯಲ್ಲೂ ಎಲ್ಲೆಲ್ಲಿಂದಲೋ ಬಂದು ಒಂದು ಹಕಾರ ಕೂತಿದೆ. (ಕನ್ನಡ ಮೇಷ್ಟ್ರು ಫುಟ್‌ಬಾಲ್ ನೋಡಿದರೆ ಇದೇ ಕಥೆ, ಕ್ಷಮಿಸಿ.)

ರಿಯಲ್ ಮ್ಯಾಡ್ರಿಡ್ ಹೆಸರು ಎಲ್ಲರೂ ಕೇಳಿದ್ದೀರಿ. ಅದರ ಎರಡನೇ ತಂಡಕ್ಕೆ ಕಾಸ್ಟಿಯಾ ಅಂತಾರೆ. ದೊಡ್ಡ ತಂಡಕ್ಕೆ ಹುಡುಗರನ್ನ ಪಳಗಿಸುವ ಜಾಗ. ಅಲ್ಲಿ ಬೆಳೆದ ಹುಡುಗರಲ್ಲಿ ದೊಡ್ಡ ತಂಡದಲ್ಲಿ ಕಾಯಂ ಜಾಗ ಸಿಗುವುದು ಬೆರಳೆಣಿಕೆಯಷ್ಟು ಜನಕ್ಕೆ. ಉಳಿದವರು ಊರೂರಿಗೆ, ದೇಶದೇಶಕ್ಕೆ ಚೆದುರಿ ಹೋಗ್ತಾರೆ. ಹುವಾನನ್ ಆ ಉಳಿದವರಲ್ಲಿ ಒಬ್ಬ. 2011ರಲ್ಲಿ ಜರ್ಮನಿಯ ಫಾರ್ಚುನಾ ಡ್ಯುಸೆಲ್‌ಡಾರ್ಫ್ ಸೇರಿದ. ಆ ಕ್ಲಬ್ 2012ರಲ್ಲಿ ಅಲ್ಲಿನ ಮೊದಲ ದರ್ಜೆಯ ಬುಂಡೆಸ್‌ಲಿಗಾಕ್ಕೆ ಏರಿತು, 2013ರಲ್ಲಿ ಮತ್ತೆ ಕೆಳಗಿಳಿಯಿತು. ಅಲ್ಲಿಂದ ಹಂಗೇರಿಯ ಬುಡಾಪೆಸ್ಟಿನ ಉಯ್‌ಪೆಸ್ಟ್. ಅದಾದ ಮೇಲೆ 2016ರಲ್ಲಿ, ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಬೆಂಗಳೂರು.

"ಎಲ್ಲೂ ನೆಲೆ ಸಿಗದೆ" ಅಂತ ಗೆಳೆಯ ಅಂದನಲ್ಲ, ಈ ಪಟ್ಟಿಗೇ ಅಂದದ್ದು. ನಾನು ಇದೇ ಪಟ್ಟಿಯನ್ನ ಬೇರೆ ಥರ ಓದ್ತೀನಿ. ನಾಲ್ಕು ಭಾಷೆ, ನಾಲ್ಕು ಥರದ ಊಟ, ನಾಲ್ಕು ಥರದ ಚಳಿ ಬಿಸಿಲು. ಪ್ರತಿ ಕಡೆಯೂ ಹೊಸ ಗೋಲ್‌ಕೀಪರು ಹಿಂದೆ, ಹೊಸ ಜೊತೆಗಾರ ಪಕ್ಕದಲ್ಲಿ. ಮುಂದೆ ಆಡುವವನು ಭಾಷೆ ಬರದಿದ್ದರೂ ಒಂದು ಗೋಲು ಹೊಡೆದು ಬಚಾವಾಗಬಹುದು. ಹಿಂದೆ ನಿಲ್ಲುವವನಿಗೆ ಆ ಸೌಲಭ್ಯ ಇಲ್ಲ. ಪಕ್ಕದವನು ಯಾವಾಗ ಮುಂದೆ ಹೆಜ್ಜೆ ಇಡ್ತಾನೆ, ಯಾವಾಗ ಹಿಂದೆ ಸರೀತಾನೆ, ಕೀಪರ್ ಯಾವಾಗ ಓಡಿ ಬರ್ತಾನೆ, ಯಾವಾಗ ಬರೋದಿಲ್ಲ, ಎಲ್ಲಾ ಗೊತ್ತಿರಬೇಕು. ಸಾಲಿನಲ್ಲಿ ನಾಲ್ಕು ಜನ ನಿಂತಾಗ ಒಬ್ಬ ಒಂದು ಗಜ ಹಿಂದೆ ಉಳಿದರೆ ಎದುರಾಳಿಗೆ ಆಫ್‌ಸೈಡ್ ಇಲ್ಲ, ಬಾಗಿಲು ತೆರೆದ ಹಾಗೆ. ಅದಕ್ಕೇ ಆ ಜಾಗದಲ್ಲಿ ಆಡುವವರು ತೊಂಬತ್ತು ನಿಮಿಷವೂ ಕೂಗ್ತಾನೇ ಇರ್ತಾರೆ. ಯಾವ ಭಾಷೆಯಲ್ಲಿ ಕೂಗೋದು? ಸ್ಪ್ಯಾನಿಷಿನಲ್ಲೋ, ಮಿಜೋದವನಿಗೆ ಪಂಜಾಬಿನವನಿಗೆ ಅರ್ಥ ಆಗುವ ಹರಕು ಇಂಗ್ಲಿಷಿನಲ್ಲೋ? ಊರು ಬದಲಾಯಿಸಿದಾಗೆಲ್ಲ ಇದನ್ನ ಮೊದಲಿಂದ ಕಟ್ಟಬೇಕು. ಒಂದೇ ಊರಿನಲ್ಲಿ ಇಪ್ಪತ್ತು ವರ್ಷ ಇರೋದು ಸುಲಭ ಕಣಯ್ಯ. ಐದು ಊರಿನಲ್ಲಿ ಐದು ಸಲ ನಂಬಿಕೆ ಗಳಿಸೋದು ಕಷ್ಟ.

ಗೋಲು ತಡೆಯುವವನ ಕೆಲಸ ನಮ್ಮ ಕಡೆ ನಾಲೆಯ ನೀರುಗಂಟಿಯ ಕೆಲಸದ ಹಾಗೆ. ನೀರು ಸರಿಯಾಗಿ ಬಂದ ವರ್ಷ ಅವನ ಹೆಸರೇ ಯಾರಿಗೂ ಗೊತ್ತಿರೋದಿಲ್ಲ. ಕೊನೇ ಗದ್ದೆಗೆ ನೀರು ಮುಟ್ಟದ ದಿನ ಇಡೀ ಊರಿಗೆ ಅವನ ಹೆಸರು, ಅವನ ಅಪ್ಪನ ಹೆಸರು ಎಲ್ಲಾ ಗೊತ್ತಾಗುತ್ತದೆ! 2018-19ರಲ್ಲೂ 2019-20ರಲ್ಲೂ ಇಂಡಿಯನ್ ಸೂಪರ್ ಲೀಗಿನ ಒಳ್ಳೇ ಗೋಲ್‌ಕೀಪರ್ ಅಂತ ಗೋಲ್ಡನ್ ಗ್ಲವ್ ಸಿಕ್ಕಿದ್ದು ಬೆಂಗಳೂರಿನ ಗುರ್‌ಪ್ರೀತ್ ಸಿಂಗ್ ಸಂಧುಗೆ. ಖುಷಿಯೇ. ಗುರ್‌ಪ್ರೀತ್ ಒಳ್ಳೇ ಕೀಪರ್, ಅನುಮಾನ ಇಲ್ಲ. ಆದರೆ ಕೀಪರ್ ಕೈಗೆ ಬರುವ ಮೊದಲೇ ಎಷ್ಟು ಚೆಂಡುಗಳನ್ನ ಮುಂದೆ ನಿಂತವರು ತಲೆಯಲ್ಲಿ ಎದೆಯಲ್ಲಿ ಕಾಲಲ್ಲಿ ತಡೆದರು ಅನ್ನೋದಕ್ಕೆ ಯಾವ ಕೈಗವಸೂ ಇಲ್ಲ. ಕನ್ನಡ ಪೇಪರಿನ ಕ್ರೀಡಾಪುಟದಲ್ಲಿ ಮರುದಿನ ಬರೋದು ಗೋಲು ಹೊಡೆದವನ ಫೋಟೋ. ಈ ಮನುಷ್ಯ ಐದು ಸೀಸನ್ ನಮ್ಮ ರಾಜಧಾನಿಯಲ್ಲಿ ಆಡಿದ. ಅವನ ಬಗ್ಗೆ ಕನ್ನಡದಲ್ಲಿ ನೆಟ್ಟಗೆ ಒಂದು ಪುಟ ಲೇಖನ ನನ್ನ ಕಣ್ಣಿಗಂತೂ ಬಿದ್ದಿಲ್ಲ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಕಳಿಸಿ, ನನ್ನ ಮಾತು ವಾಪಸ್ ತಗೋತೀನಿ.

ಈಗ ಅವನ ಕೆಲಸದ ಲೆಕ್ಕ. ಇದು ನಿಯತ್ತಿನ ಲೆಕ್ಕವೂ ಹೌದು.

2016ರ ಅಕ್ಟೋಬರ್ 19. ಕಂಠೀರವ ಸ್ಟೇಡಿಯಂ. ಎಎಫ್‌ಸಿ ಕಪ್ಪಿನ ಸೆಮಿಫೈನಲ್, ಎರಡನೇ ಪಂದ್ಯ. ಎದುರಾಳಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್, ಹಿಂದಿನ ವರ್ಷ ಆ ಕಪ್ ಗೆದ್ದ ತಂಡ. ಅಲ್ಲಿ ಆಡಿದ ಮೊದಲ ಪಂದ್ಯ 1-1. ಇಲ್ಲಿ ಮೊದಲು ಗೋಲು ಹೊಡೆದವರೂ ಅವರೇ. ಆ ವರ್ಷ ನಾನು ಬೆಂಗಳೂರಿನಲ್ಲಿದ್ದೆ, ಒಂದು ಖಾಸಗಿ ಕಾಲೇಜಿನಲ್ಲಿ ಒಂದು ವರ್ಷದ ಮಟ್ಟಿಗೆ ಕೆಲಸ. ರೂಮ್‌ಮೇಟ್ ಎಳೆದುಕೊಂಡು ಹೋಗಿದ್ದ. ಅಲ್ಲಿಯವರೆಗೆ ನನಗೆ ಫುಟ್‌ಬಾಲ್ ಅಂದರೆ ವರ್ಲ್ಡ್‌ಕಪ್ ಬಂದಾಗ ಟೀವಿಯಲ್ಲಿ ನೋಡೋದು, ಅಷ್ಟೇ. ಛೆಟ್ರಿ ಎರಡು ಗೋಲು ಹೊಡೆದ. ಮೂರನೆಯದು ಹುವಾನನ್‌ದು. ನಿಜ ಹೇಳಬೇಕಂದರೆ ಆ ಗೋಲು ನಾನು ನೋಡಲೇ ಇಲ್ಲ, ನನ್ನ ಮುಂದಿದ್ದ ದಪ್ಪ ಮನುಷ್ಯ ಎದ್ದು ನಿಂತುಬಿಟ್ಟ. ಸದ್ದು ಮಾತ್ರ ಕೇಳಿಸಿತು. ಅಂಥ ಸದ್ದು ನಾನು ಜಾತ್ರೆಯಲ್ಲಿ ತೇರು ಎಳೆಯುವಾಗ ಬಿಟ್ಟರೆ ಬೇರೆ ಎಲ್ಲೂ ಕೇಳಿಲ್ಲ. 3-1. ಭಾರತದ ಒಂದು ಕ್ಲಬ್ ಎಎಫ್‌ಸಿ ಕಪ್ಪಿನ ಫೈನಲ್ಲಿಗೆ ಹೋದದ್ದು ಅದೇ ಮೊದಲು.

ನವೆಂಬರ್ 5ರಂದು ದೋಹಾದಲ್ಲಿ ಫೈನಲ್. ಇರಾಕಿನ ಅಲ್ ಕುವಾ ಅಲ್ ಜವಿಯಾ ಎದುರು 0-1ರಲ್ಲಿ ಸೋತರು. ಇರಲಿ. ಆಮೇಲೆ 2017ರಲ್ಲಿ ಫೆಡರೇಷನ್ ಕಪ್. 2017ರಲ್ಲೇ ಕ್ಲಬ್ಬು ಐ-ಲೀಗ್ ಬಿಟ್ಟು ಸೂಪರ್ ಲೀಗಿಗೆ ಬಂತು. ಮೊದಲ ವರ್ಷವೇ ಫೈನಲ್. 2018ರ ಮಾರ್ಚ್ 17ರಂದು ಕಂಠೀರವದಲ್ಲೇ, ಸ್ವಂತ ಮನೆಯಂಗಳದಲ್ಲೇ, ಚೆನ್ನೈಯಿನ್ ಎದುರು 2-3ರಲ್ಲಿ ಸೋಲು. ಅವತ್ತು ಚೆನ್ನೈನ ಮೂರು ಗೋಲಿನಲ್ಲಿ ಎರಡು ಅವರ ಬ್ರೆಜಿಲ್ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಕಾರ್ನರ್‌ನಲ್ಲಿ ತಲೆಯಿಂದ ಹೊಡೆದದ್ದು. ಹುವಾನನ್ ಇದ್ದ ಕೋಟೆಗೇ ಅವತ್ತು ಕನ್ನ ಬಿತ್ತು. ಅದನ್ನ ಮುಚ್ಚಿಡೋದಿಲ್ಲ. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17, ಮುಂಬೈಯಲ್ಲಿ ಗೋವಾ ಎದುರು ಫೈನಲ್. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ, 117ನೇ ನಿಮಿಷದಲ್ಲಿ, ರಾಹುಲ್ ಭೆಕೆ ತಲೆಯಿಂದ ಹೊಡೆದು ಕಪ್ ಗೆಲ್ಲಿಸಿದ. ಲೀಗಿನ ಪಟ್ಟಿಯಲ್ಲೂ ಮೊದಲು, ಫೈನಲ್ಲಿನಲ್ಲೂ ಗೆಲುವು, ಎರಡೂ ಒಂದೇ ವರ್ಷ ಮಾಡಿದ ಮೊದಲ ತಂಡ ಅದು. 117 ನಿಮಿಷ ಆದಮೇಲೆ ಒಂದು ಗೋಲು ಸಾಕಾಗಬೇಕಾದರೆ ಅಲ್ಲಿಯವರೆಗೆ ಹಿಂದೆ ನಿಂತವರು ಒಂದನ್ನೂ ಬಿಟ್ಟಿರಬಾರದು ಅಲ್ಲವೇ? ಭೆಕೆಯನ್ನ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. (ಅವನೂ ಡಿಫೆಂಡರೇ, ಆದರೆ ನೆನಪಿರೋದು ಗೋಲು ಹೊಡೆದದ್ದಕ್ಕೆ!)

ಮುಂದಿನ ವರ್ಷ ಸೆಮಿಫೈನಲ್ಲಿನಲ್ಲಿ ಎಟಿಕೆ ಎದುರು ಸೋತರು. ಅದರ ಮುಂದಿನ ವರ್ಷ ಕೊರೋನಾ, ಇಡೀ ಲೀಗು ಗೋವಾದಲ್ಲಿ, ಖಾಲಿ ಸ್ಟೇಡಿಯಂನಲ್ಲಿ. ತಂಡ ಏಳನೇ ಸ್ಥಾನಕ್ಕೆ ಕುಸಿಯಿತು, ನಡುವೆ 2021ರ ಜನವರಿಯಲ್ಲಿ ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಹೊರಟರು. ಸೀಸನ್ ಮುಗಿದ ಮೇಲೆ ಹುವಾನನ್ ಕೂಡ ಹೋದ. ವಯಸ್ಸು 34. ಹೈದರಾಬಾದ್ ಕರೆಯಿತು. 2022ರ ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಪೆನಾಲ್ಟಿಯಲ್ಲಿ ಗೆದ್ದು ಹೈದರಾಬಾದ್ ಚಾಂಪಿಯನ್ ಆಯಿತು. ಮೂರು ಪೆನಾಲ್ಟಿ ತಡೆದವರು ಲಕ್ಷ್ಮೀಕಾಂತ ಕಟ್ಟಿಮನಿ. ಹೆಸರು ಕೇಳಿದರೆ ನಮ್ಮ ಧಾರವಾಡ ಕಡೆಯವರು ಅನ್ನಿಸುತ್ತದೆ, ಆದರೆ ಗೋವಾದವರು. ಆ ತಂಡದಲ್ಲಿ ಹುವಾನನ್ ಇದ್ದ.

ಇದು ಗೆಳೆಯ ಹೇಳಿದ "ದ್ರೋಹ"ದ ಪೂರ್ತಿ ಕಥೆ. ಇದರಲ್ಲಿ ದ್ರೋಹ ಎಲ್ಲಿದೆ ತೋರಿಸಪ್ಪ.

ಐದು ವರ್ಷ! ನಮ್ಮ ದೇಶದ ಲೀಗಿನಲ್ಲಿ ವಿದೇಶಿ ಆಟಗಾರ ಒಂದೇ ಕ್ಲಬ್ಬಿನಲ್ಲಿ ಐದು ಸೀಸನ್ ಇರೋದು ಅಪರೂಪ. ಬಹಳ ಜನ ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷ. ಗೆಳೆಯನ ಮಾತಿಗೆ ಮೂಲ ಎಲ್ಲಿದೆ ಅಂತಲೂ ನನಗೆ ಗೊತ್ತು, ಅದನ್ನ ಒಪ್ಪಿಕೊಂಡೇ ಮುಂದೆ ಹೋಗಬೇಕು. 2014ರಲ್ಲಿ ಸೂಪರ್ ಲೀಗ್ ಶುರುವಾದಾಗ ಅದು ಎರಡೂ ಮುಕ್ಕಾಲು ತಿಂಗಳೂ ತುಂಬದ ಜಾತ್ರೆ. ದೆಲ್ ಪಿಯೆರೋ, ಪೀರೆಸ್, ತ್ರೆಜೆಗೆ, ಲ್ಯುಂಗ್‌ಬರ್ಗ್ ಎಲ್ಲರನ್ನೂ ಪೋಸ್ಟರಿಗೆ ಕರೆಸಿದರು. 2010ರ ವರ್ಲ್ಡ್‌ಕಪ್ ಗೆದ್ದ ಸ್ಪೇನಿನ ಡಿಫೆಂಡರ್ ಕಾಪ್ದೆವಿಲಾ ಕೂಡ ಗುವಾಹಟಿಗೆ ಬಂದು ಒಂದು ಸೀಸನ್ ಆಡಿ ಹೋದರು. ಆಟದ ಬದುಕು ಮುಗಿಯುವ ಹೊತ್ತಿಗೆ ಕೊನೇ ಸಂಬಳ ತಗೊಂಡು ಹೋಗೋಕೆ ಬಂದವರು ಇದ್ದರು, ಇಲ್ಲ ಅನ್ನೋದಿಲ್ಲ. ಅವರನ್ನ ನೋಡಿ ಹುಟ್ಟಿದ ಬೈಗುಳವನ್ನ ಐದು ವರ್ಷ ದುಡಿದವನ ಮೇಲೂ ಎಸೆದರೆ ಹೇಗೆ? ಮದುವೆ ಊಟಕ್ಕೆ ಬಂದವನೂ ಮದುವೆ ಮನೆಯಲ್ಲಿ ಬಡಿಸಿದವನೂ ಒಂದೇನಾ?

ಇನ್ನೊಂದು ವಿಷಯ. "ನಮ್ಮವನು" ಅಂತ ನಾವು ಹೆಗಲ ಮೇಲೆ ಹೊತ್ತು ಕುಣಿಯುವ ಸುನಿಲ್ ಛೆಟ್ರಿ ಎಷ್ಟು ಕ್ಲಬ್ ಸುತ್ತಿದ್ದಾರೆ ಗೊತ್ತಾ? ಮೋಹನ್ ಬಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕ್ಯಾನ್ಸಸ್ ಸಿಟಿ, ಚಿರಾಗ್ ಯುನೈಟೆಡ್, ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೇ ತಂಡ, ಚರ್ಚಿಲ್ ಬ್ರದರ್ಸ್. ಇಷ್ಟಾದ ಮೇಲೆ 2013ರಲ್ಲಿ ಬೆಂಗಳೂರು. ನಡುವೆ ಮುಂಬೈ ಸಿಟಿಗೂ ಆಡಿದ್ದಾರೆ. ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಅವರು ಸುತ್ತಿದರೆ ಅನುಭವ, ಸ್ಪೇನಿನವನು ಸುತ್ತಿದರೆ ಬಾಡಿಗೆ. ಯಾವ ನ್ಯಾಯ ಇದು? ಛೆಟ್ರಿ ಬಗ್ಗೆ ನನಗೆ ಒಂದಿನಿತೂ ಬೇಸರ ಇಲ್ಲ. ಅಳತೆಗೋಲು ಒಂದೇ ಇರಲಿ ಅಂತ ಅಷ್ಟೇ.

ಹಳೇ ಕಾಲಕ್ಕೆ ಹೋಗೋಣ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು ಭಾರತ 1-2ರಲ್ಲಿ ಸೋತಿತು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಮತ್ತು ಧನರಾಜ್ ಆಮೇಲೆ ಕಲ್ಕತ್ತೆಯ ಈಸ್ಟ್ ಬೆಂಗಾಲಿನಲ್ಲಿ ಆಡಿದರು. ಆ ಕ್ಲಬ್ಬಿನ ಮುಂದಿನ ಸಾಲಿನ ಐದು ಜನಕ್ಕೆ "ಪಂಚಪಾಂಡವರು" ಅಂತಲೇ ಹೆಸರು. ಅಹ್ಮದ್ ಖಾನ್ ಬರಿಗಾಲಲ್ಲಿ ಚೆಂಡು ಆಡಿಸುತ್ತಿದ್ದದ್ದನ್ನ ಕಲ್ಕತ್ತೆಯವರು ಪುರಾಣದ ಹಾಗೆ ಹೇಳ್ತಾರೆ. ಅವರು 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ನಮ್ಮ ಊರಿನಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತು? ಬೆಂಗಳೂರಿನಲ್ಲೇ ಎಷ್ಟು ಜನಕ್ಕೆ? ಬೆಂಗಳೂರಿನ ಹುಡುಗರು ಹೊಟ್ಟೆಪಾಡಿಗೆ, ಹೆಸರಿಗೆ ಕಲ್ಕತ್ತೆಗೆ ಹೋದಾಗ ಅಲ್ಲಿಯವರು "ಬಾಡಿಗೆಯವರು" ಅಂತ ತಳ್ಳಲಿಲ್ಲ, ಪಾಂಡವರು ಅಂತ ಕರೆದರು. ನಮ್ಮಲ್ಲಿಗೆ ಬಂದವನಿಗೆ ನಾವು ಕೊಡುವ ಬಿರುದು ನೋಡಿ.

ಇನ್ನು ಹೊಸ ಕಾಲಕ್ಕೆ ಬರೋಣ, ಇದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುವ ಭಾಗ. ನಿಯತ್ತು ಅಂತೀರಲ್ಲ, ಅದು ಎರಡೂ ಕಡೆಯಿಂದ ಇರಬೇಕಾದದ್ದು ತಾನೇ? 2025ರ ಜುಲೈನಲ್ಲಿ ಸೂಪರ್ ಲೀಗಿನ ಮುಂದಿನ ಸೀಸನ್ನನ್ನ ಮುಂದೂಡಿದರು. ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದ ಡಿಸೆಂಬರಿಗೆ ಮುಗಿಯುವುದಿತ್ತು, ಹೊಸದು ಆಗಿರಲಿಲ್ಲ. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನ ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಹೇಳಿತು. ಕ್ಲಬ್ಬಿನವರದ್ದೇ ತಪ್ಪು ಅಂತ ನಾನು ಹೇಳ್ತಿಲ್ಲ. ಲೀಗೇ ಇಲ್ಲ ಅಂದಮೇಲೆ ಅವರಿಗೂ ಎಲ್ಲಿಂದ ಬರಬೇಕು. ಆದರೆ ನೋಡಿ, ಮೇಲೆ ಕೂತವರ ಕಾಗದ ಪತ್ರ ಸರಿಯಾಗದಿದ್ದರೆ ಮೊದಲು ನಿಲ್ಲುವುದು ಆಡುವವನ ಸಂಬಳ. ಮೈದಾನ ಇರುತ್ತದೆ, ಸ್ಟೇಡಿಯಂ ಇರುತ್ತದೆ, ಕ್ಲಬ್ಬಿನ ಹೆಸರು ಇರುತ್ತದೆ. ಆಟಗಾರನ ಕಾಲು ಮಾತ್ರ ವರ್ಷ ವರ್ಷ ಹಳೆಯದಾಗುತ್ತದೆ. ಇಂಥ ಕಡೆ ಇರುವವನು ಬೇರೆ ಕಡೆ ಕರೆ ಬಂದಾಗ ಹೋಗಬಾರದಾ? 34 ವಯಸ್ಸಿನ ಡಿಫೆಂಡರಿಗೆ ಮುಂದಿನ ವರ್ಷದ ಕರೆ ಬರುತ್ತದೋ ಇಲ್ಲವೋ ಯಾರು ಕಂಡವರು?

ನಿಯಮಗಳೂ ಇವರ ಕೈಯಲ್ಲಿಲ್ಲ. ಮೊದಲು ಒಂದು ತಂಡ ಮೈದಾನದಲ್ಲಿ ಆರು ವಿದೇಶಿಯರನ್ನ ಇಳಿಸಬಹುದಿತ್ತು. 2017ರಲ್ಲಿ ಐದಾಯಿತು, 2021ರಲ್ಲಿ ನಾಲ್ಕಾಯಿತು. ನಮ್ಮ ಹುಡುಗರಿಗೆ ಜಾಗ ಸಿಗಲಿ ಅಂತ ಮಾಡಿದ್ದು, ಸರಿಯಾದದ್ದೇ, ನಾನು ಅದರ ಪರ. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ನಡೆದ ಫೈನಲ್ಲಿನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಾಗ ನಾನು ಕುಣಿದದ್ದು ನಮ್ಮ ಬೀದಿಗೆಲ್ಲ ಗೊತ್ತು. 54 ವರ್ಷ ಆಗಿತ್ತು ಸ್ವಾಮಿ, ಹಿಂದಿನ ಸಲ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು! ಆದರೆ ಜಾಗ ಆರರಿಂದ ನಾಲ್ಕಕ್ಕೆ ಇಳಿದಾಗ ಕ್ಲಬ್ಬಿನವರು ಮೊದಲು ಯಾರನ್ನ ಬಿಡ್ತಾರೆ ಯೋಚಿಸಿ. ಗೋಲು ಹೊಡೆಯುವವನನ್ನಂತೂ ಅಲ್ಲ. ಬೆಂಗಳೂರು ಹುವಾನನ್‌ನನ್ನ ಯಾಕೆ ಉಳಿಸಿಕೊಳ್ಳಲಿಲ್ಲ ಅಂತ ಯಾರೂ ಕೇಳೋದಿಲ್ಲ, ಅವನು ಯಾಕೆ ಹೋದ ಅಂತ ಮಾತ್ರ ಕೇಳ್ತಾರೆ.

ಇಷ್ಟೆಲ್ಲ ಯಾಕೆ ಎದೆಗೆ ಹಚ್ಚಿಕೊಂಡಿದ್ದೀಯ ಅಂತ ನನ್ನ ಹೆಂಡತಿ ಕೇಳಿದಳು. ಅವಳಿಗೆ ಉತ್ತರ ಗೊತ್ತು, ಆದರೂ ಕೇಳಿದಳು.

ನಾನು ಹದಿನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕ. ಎಂಥ ಚಂದದ ಹೆಸರು ನೋಡಿ, ಅತಿಥಿ. ಜೂನೋ ಜುಲೈಯೋ ಆಗಸ್ಟೋ, ಯಾವಾಗ ಕರೆದರೆ ಆಗ ಹೋಗೋದು, ಪರೀಕ್ಷೆ ಮುಗಿದ ಮೇಲೆ ಎದ್ದು ಬರೋದು. ರಜೆಯ ತಿಂಗಳಿಗೆ ಸಂಬಳ ಇಲ್ಲ. ಹದಿನಾಲ್ಕು ವರ್ಷದಲ್ಲಿ ಏಳು ಕಾಲೇಜು. ಒಂದು ಕಡೆ ನಾಲ್ಕು ವರ್ಷ ಇದ್ದೆ, ಕನ್ನಡ ಸಂಘ ಕಟ್ಟಿದೆ, ಹುಡುಗರ ಕೈಲಿ ಗೋಡೆ ಪತ್ರಿಕೆ ಬರೆಸಿದೆ, ನಾಟಕ ಆಡಿಸಿದೆ. ಐದನೇ ವರ್ಷ ಹೋದರೆ ವರ್ಕ್‌ಲೋಡ್ ಇಲ್ಲ ಅಂದರು. ಅಷ್ಟೇ. ಒಂದು ವಾಕ್ಯ. ನನ್ನ ಗೋಡೆ ಪತ್ರಿಕೆ ಆ ಗೋಡೆಯ ಮೇಲೆ ಇನ್ನೂ ಇತ್ತು. ಮರುವಾರ ಬೇರೆ ಕಾಲೇಜಿಗೆ ಸೇರಿದೆ. ಆಗ ನಮ್ಮ ಬೀದಿಯ ಹಿರಿಯರೊಬ್ಬರು ನನ್ನ ಅಪ್ಪನ ಹತ್ತಿರ ಏನಂದರು ಗೊತ್ತಾ? "ನಿಮ್ಮ ಹುಡುಗ ಒಂದ್ ಕಡೆ ನಿಲ್ಲೋದಿಲ್ಲ ಕಣ್ರೀ, ಚಂಚಲ."

ಚಂಚಲ! ಅಪ್ಪ ಉತ್ತರ ಕೊಡಲಿಲ್ಲ, ಒಳಗೆ ಬಂದು ರೇಡಿಯೋ ಜೋರು ಮಾಡಿದರು. ಆ ಪದ ಇವತ್ತಿಗೂ ನನ್ನ ಕಿವಿಯಲ್ಲಿದೆ. ಮೊನ್ನೆ ಚಹಾದಂಗಡಿಯಲ್ಲಿ "ಬಾಡಿಗೆ" ಅಂದಾಗ ಅದೇ ಪದ ಬೇರೆ ಅಂಗಿ ಹಾಕ್ಕೊಂಡು ಬಂದ ಹಾಗಾಯಿತು. ಹುವಾನನ್ ಸಂಬಳ ಎಲ್ಲಿ, ನನ್ನ ಸಂಬಳ ಎಲ್ಲಿ, ಆ ಹೋಲಿಕೆ ಬೇಡ. ಅವನು ನನ್ನ ಹಾಗೆ ಬಡವ ಅಂತಲೂ ಹೇಳ್ತಿಲ್ಲ. ಆದರೆ ಒಬ್ಬನನ್ನ ವರ್ಷದ ಕರಾರಿನ ಮೇಲೆ ಕರೆಸಿ, ಕರಾರು ಮುಗಿದ ದಿನ ಕೈ ತೊಳೆದುಕೊಂಡು, ಅವನು ಮುಂದಿನ ಬಾಗಿಲು ತಟ್ಟಿದಾಗ "ನಿಯತ್ತಿಲ್ಲ" ಅನ್ನುವ ಈ ಚಾಳಿ ಎರಡೂ ಕಡೆ ಒಂದೇ.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. 2021ರಲ್ಲಿ ಹುವಾನನ್ ಹೈದರಾಬಾದಿಗೆ ಹೋದ ಸುದ್ದಿ ಓದಿದಾಗ ನಾನೂ "ಛೆ, ಹೋಗಿಬಿಟ್ಟ ನೋಡು" ಅಂದಿದ್ದೆ. ಮುಂದಿನ ಮಾರ್ಚಿನಲ್ಲಿ ಅವನ ಕೈಯಲ್ಲಿ ಕಪ್ ನೋಡಿ ಹೊಟ್ಟೆ ಉರಿಯಿತು ಕೂಡ. ಅಭಿಮಾನಿಗೆ ಹೊಟ್ಟೆಕಿಚ್ಚು ಬರೋದು ಸಹಜ. ಅದಕ್ಕೆ ನಿಯತ್ತು ಧರ್ಮ ಅಂತ ದೊಡ್ಡ ಹೆಸರು ಇಡಬಾರದು, ಅಷ್ಟೇ ನನ್ನ ತಕರಾರು.

ಇನ್ನು ನನ್ನ ಗೆಳೆಯನ ಕಥೆ ಹೇಳ್ತೀನಿ, ಕೋಪ ಮಾಡ್ಕೋಬೇಡಪ್ಪ. ಈತ ಹೋದ ವರ್ಷ ಯಾರ ತೋಟ ಖೇಣಿ ಹಿಡಿದಿದ್ದ? ಈ ವರ್ಷ ಯಾರದ್ದು? ಎಲ್ಲಿ ಲೆಕ್ಕ ಗಿಟ್ಟುತ್ತೋ ಅಲ್ಲಿ. ಅವನ ಹತ್ತಿರ ಕೊನೆ ಕೊಯ್ಯಲು ಬರುವ ಗುಂಪು ಹೋದ ಸಲ ಬೇರೆಯವರ ಹತ್ತಿರ ಇತ್ತು, ದಿನಕ್ಕೆ ಇಷ್ಟು ಜಾಸ್ತಿ ಕೊಡ್ತೀನಿ ಅಂತ ಇವನೇ ಎಳೆದುಕೊಂಡು ಬಂದ. ನಮ್ಮ ಇಡೀ ಚನ್ನಗಿರಿ ಸೀಮೆ ನಡೆಯೋದೇ ಹೀಗೆ. ಕೊಯ್ಯೋರು, ಸುಲಿಯೋರು, ಬೇಯಿಸೋರು, ಸೀಸನ್ನಿಗೆ ಒಂದೊಂದು ಅಂಗಳ. ಅವರನ್ನ ಯಾರೂ ದ್ರೋಹಿ ಅನ್ನಲ್ಲ, ಅನ್ನಲೂಬಾರದು. ಕೈಯಲ್ಲಿ ಕಸುಬು ಇರುವವನು ಕಸುಬು ಬೇಕಾದ ಕಡೆ ಹೋಗ್ತಾನೆ.

ನಮ್ಮೂರಿನ ಪುಷ್ಕರಣಿ ನೋಡಲು ಎಲ್ಲೆಲ್ಲಿಂದಲೋ ಜನ ಬರ್ತಾರೆ. ಹದಿನಾರನೇ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು, ನೀರಿನ ನಡುವೆ ವಸಂತ ಮಂಟಪ, ಫೋಟೋ ಎಲ್ಲರೂ ತೆಗೀತಾರೆ. ಅದರ ಪಕ್ಕದಲ್ಲೇ ಇರುವ ಕಟ್ಟಡದ ಕಡೆ ಯಾರೂ ತಿರುಗಿ ನೋಡೋದಿಲ್ಲ. ಅದರ ಹೆಸರು ಮುಸಾಫಿರ್‌ಖಾನೆ. ಊರಿಗೆ ಬಂದು ಹೋಗುವವರಿಗಾಗಿ ಇದ್ದ ಮನೆ. ನಿಂತ ನೀರಿನ ಪಕ್ಕದಲ್ಲೇ ಹೋಗಿಬರುವವರಿಗೂ ಒಂದು ಸೂರು ಬೇಕು ಅಂತ ಆ ಕಾಲದವರಿಗೆ ತಿಳಿದಿತ್ತು. ಬಂದವನನ್ನ ನೀನು ಇಲ್ಲೇ ಸಾಯ್ತೀಯಾ ಅಂತ ಕೇಳಿ ಬಾಗಿಲು ತೆಗೆದಿರಲಾರರು.

ಗೆಳೆಯನಿಗೆ ಒಂದು ಪಂಥ. ಬೆಂಗಳೂರಿನ ಆ ಐದು ಸೀಸನ್ನಿನ ಯಾವುದಾದರೂ ಒಂದು ಮ್ಯಾಚು ನೀನೇ ಆರಿಸು. ಗೆದ್ದದ್ದಾದರೂ ಸರಿ, ಆ ಚೆನ್ನೈ ಎದುರಿನ ಫೈನಲ್ ಆದರೂ ಸರಿ. ಇಬ್ಬರೂ ಕೂತು ತೊಂಬತ್ತು ನಿಮಿಷ ಚೆಂಡಿನ ಹಿಂದೆ ಹೋಗದೆ ಅವನೊಬ್ಬನನ್ನೇ ನೋಡೋಣ. ಅವನು ಮೈಗಳ್ಳತನ ಮಾಡಿದ ಒಂದು ಜಾಗ ತೋರಿಸು. ತೋರಿಸಿದರೆ ತಿಂಗಳಿಡೀ ಚಹಾ ನನ್ನ ಲೆಕ್ಕ, ಮಿರ್ಚಿ ಮಂಡಕ್ಕಿ ಸಮೇತ. ತೋರಿಸದಿದ್ದರೆ "ಬಾಡಿಗೆ" ಅನ್ನೋ ಮಾತು ವಾಪಸ್ ತಗೋಬೇಕು, ಅದೇ ಅಂಗಡಿಯಲ್ಲಿ, ಅದೇ ಜನದ ಮುಂದೆ.

ಈ ಭಾನುವಾರ ಆಗಲಿಕ್ಕಿಲ್ಲ. ಈ ವರ್ಷದ ಪಟ್ಟಿಯಲ್ಲಿ ನನಗೆ ಹೊನ್ನಾಳಿ ಕಡೆ ಕಾಲೇಜು ಬಿದ್ದಿದೆ, ಎಂಟನೆಯದು. ಸೋಮವಾರದಿಂದ ಹೋಗಬೇಕು, ಬೆಳಗಿನ ಮೊದಲ ಬಸ್ಸಿಗೆ ಎಷ್ಟೊತ್ತಿಗೆ ನಿಂತರೆ ಸೀಟು ಸಿಗುತ್ತೆ ಅಂತ ಇನ್ನೂ ವಿಚಾರಿಸಬೇಕು. ಮುಂದಿನ ಭಾನುವಾರ ಬಾ.